ಚುಕ್ಕಿಗೆ ಮುಂಚೆ ಒಂದು ಸೊನ್ನೆ

ಧನ್ವಂತರಿ ರಸ್ತೆಯಲ್ಲಿ ಇಪ್ಪತ್ತಾರು ವರ್ಷ
ಡಾಕ್ಟರುಗಳ ಕೈಬರಹ ಓದಿದವನು ನಾನು.
ಎರೆಹುಳು ಹರಿದಂಥ ಸಾಲು,
ಬಾಲ ಮುರಿದ ಹಲ್ಲಿಯಂಥ ಸಹಿ.
ಪಶುಪತಿ ಡಾಕ್ಟರು ಬರೆದದ್ದನ್ನು
ಪಶುಪತಿ ಡಾಕ್ಟರೇ ಫೋನು ಮಾಡಿ ಕೇಳುತ್ತಿದ್ದರು:
‘ಚೌಡಪ್ಪ, ನಾನೇನು ಬರೆದಿದ್ದೀನಿ ನೋಡು ಸ್ವಲ್ಪ.’
ಹೆಮ್ಮೆಯಿತ್ತು ನನಗೆ. ಇರಬಾರದಿತ್ತು.

ಬನ್ನೂರಿನಿಂದ ಕುರಿ ವ್ಯಾಪಾರದ ದೇವೀರಮ್ಮ ಬಂದದ್ದು
ಒಂದು ಮಂಗಳವಾರ, ಕರೆಂಟಿಲ್ಲದ ಹೊತ್ತು.
ಚೀಟಿಯಲ್ಲಿ ಐದಿತ್ತು.
ಐದರ ಎಡಗಡೆ ಒಂದು ಚುಕ್ಕಿ ಇತ್ತು,
ನೊಣದ ಹಿಕ್ಕೆ ಅಂದುಕೊಂಡೆ.
ಅರ್ಧ ಐದಾಯಿತು.
ಮೂರು ದಿನ ಮಲಗಿದಳು. ಎದ್ದಳು, ಅದೇ ಪುಣ್ಯ.
ಆದರೆ ಆಮೇಲೆ ಕುರಿ ಎಣಿಸುವಾಗ
ಹದಿನೇಳಕ್ಕೆ ನಿಂತು ಮತ್ತೆ ಒಂದರಿಂದ ಹಿಡಿಯುತ್ತಿದ್ದಳಂತೆ.
ಯಾರೂ ಬೈಯಲಿಲ್ಲ ನನ್ನನ್ನು.
ಅವಳ ಮಗ ಬಂದು ಗ್ಲೂಕೋಸ್ ಪುಡಿ ಕೊಂಡ,
ಚಿಲ್ಲರೆ ಎಣಿಸಿಕೊಂಡು ಹೋದ.

ಅಂಗಡಿ ಮೇಲಿನ ಕೋಣೆ ಬಾಡಿಗೆಗೆ ಹಿಡಿದು
ರುಬೀನಾ ಬಂದದ್ದು ಆ ವರ್ಷವೇ.
ಎರಡು ಕಂಪ್ಯೂಟರು, ಒಂದು ಫ್ಯಾನು,
ಜೊತೆಗೆ ಸುತ್ತೂರು ಕಡೆಯ ಹುಡುಗ ನಂಜುಂಡಪ್ರಸಾದ.
ಅವನು ಕೀಲಿಮಣೆ ಕುಟ್ಟಿದರೆ
ನಮ್ಮ ಸೂರಿನ ಮಣ್ಣು ಟಾನಿಕ್ಕಿನ ಬಾಟಲಿ ಮೇಲೆ.
‘ಡಾಕ್ಟರು ಅಲ್ಲಿ ಒತ್ತಿದರೆ ಚೀಟಿ ನಿಮ್ಮಲ್ಲಿ ಮೂಡುತ್ತೆ ಸಾರ್.’
ನಕ್ಕೆ. ಮೂಡೋದಕ್ಕೆ ಅದೇನು ಸೂರ್ಯನ?
‘ಎಲ್ಲೆಲ್ಲಿ ತಪ್ಪಾಗುತ್ತೆ ಅಂತ ಅದಕ್ಕೆ ನೀವು ಹೇಳಿಕೊಡಿ’ ಅಂದಳು.
ತಪ್ಪು ಕಲಿಸುವ ಕೆಲಸ. ಸಂಬಳ ಒಂಬತ್ತು ಸಾವಿರ.
ಸೊನ್ನೆ ಬಿಟ್ಟರೆ ಬಂಡಿ ಬಡಿಯಾಗುತ್ತೆ ಅಂತ
ಶಾಲೆಯಲ್ಲಿ ಪೆಟ್ಟು ತಿಂದಿದ್ದ ನಾನು
ಮೊದಲ ದಿನ ಬಿಳಿ ಬೋರ್ಡಿನ ಮೇಲೆ ಬರೆದದ್ದು ಒಂದೇ ಸಾಲು:
ಚುಕ್ಕಿಗೆ ಮುಂಚೆ ಸೊನ್ನೆ ಇಲ್ಲದಿದ್ದರೆ ಮುಂದಕ್ಕೆ ಬಿಡಬೇಡ.
ಯಾಕೆ ಅಂತ ಪ್ರಸಾದ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೊದಲ ವರ್ಷ ನಾಲ್ಕೇ ಡಾಕ್ಟರು.
ಅದರಲ್ಲೊಬ್ಬರು ದನದ ಡಾಕ್ಟರು.
ಮಂಡ್ಯದ ಹೆರಿಗೆ ಡಾಕ್ಟರಮ್ಮ
ಪೆನ್ನು ಕೈಯಲ್ಲೇ ಹಿಡಿದು, ಮಿಕ್ಕ ಒಂದು ಬೆರಳಲ್ಲಿ ಒತ್ತುತ್ತಿದ್ದರು.
ಮದ್ದೂರು, ಪಾಂಡವಪುರ, ನರಸೀಪುರ,
ಬೈಕಿನ ಹಿಂದೆ ಪ್ರಿಂಟರನ್ನು ಕೂಸಿನ ಹಾಗೆ ತಬ್ಬಿಕೊಂಡು
ಊರೂರು ಅಲೆದೆ.
ಆಮೇಲೆ ಎಲ್ಲ ಒಟ್ಟಿಗೇ ಆಯಿತು, ನಾಲೆಗೆ ನೀರು ಬಿಟ್ಟ ಹಾಗೆ.
ಹೆಬ್ಬಾಳದಲ್ಲಿ ಮೂರಂತಸ್ತು, ಪೂರಾ ಗಾಜು,
ಕೊರಳಿಗೆ ಗುರುತಿನ ಚೀಟಿ.
ನನ್ನ ಹೆಸರಿನ ಕೆಳಗೆ ಏನು ಹಾಕುವುದೋ ತಿಳಿಯದೆ
‘ಹಿರಿಯರು’ ಅಂತ ಹಾಕಿದ್ದರು.

ಕಳೆದ ಆಷಾಢದಲ್ಲಿ ದುಡ್ಡು ಹಾಕುವವರು ಬಂದರು.
ಗೋಡೆಯ ಮೇಲೊಂದು ಗೆರೆ ಬೆಟ್ಟ ಹತ್ತುತ್ತಿತ್ತು,
ನಂದಿಯ ಹತ್ತಿರ ಕೂಡ ನಿಂತು ಉಸಿರು ಬಿಡದೆ.
ಅವರಲ್ಲೊಬ್ಬ ಕೇಳಿದ: ‘ಈ ಕೆಂಪು ಎಚ್ಚರಿಕೆ ಯಾಕೆ?
ಡಾಕ್ಟರಿಗೆ ನಾಲ್ಕು ಸೆಕೆಂಡು ದಂಡ. ತೆಗೆದುಬಿಡಿ.’
ರುಬೀನಾ ನನ್ನತ್ತ ನೋಡಿದಳು.
ಹೇಳಬೇಕಿತ್ತು ಆಗ ದೇವೀರಮ್ಮನ ಹೆಸರು.
ಹದಿನೇಳು ಕುರಿ ಗಂಟಲಿಗೆ ಅಡ್ಡ ನಿಂತವು.

ತೆಗೆಯಲಿಲ್ಲ.
ಬೇಡವೆನ್ನುವವರು ದಾಟಿಹೋಗಲೆಂದು
ಪಕ್ಕದಲ್ಲೊಂದು ಸಣ್ಣ ಗುಂಡಿ ಇಟ್ಟರು.
ನಮ್ಮ ಮಾತಿನಲ್ಲಿ ಗುಂಡಿ
ಒತ್ತುವುದಕ್ಕೂ ಇದೆ, ಬೀಳುವುದಕ್ಕೂ ಇದೆ.

ಈಗ ನನ್ನ ಕೆಲಸ ಇಷ್ಟು, ಯಾರೂ ಹೇಳಿದ್ದಲ್ಲ:
ಗಂಟೆಗೊಮ್ಮೆ ದಾಟಿದವರ ಪಟ್ಟಿ ತೆಗೆದು
ಒಬ್ಬೊಬ್ಬರಿಗೂ ಫೋನು.
ಇವತ್ತು ಹನ್ನೊಂದು. ಒಂಬತ್ತು ಜನ ತಿಳಿದೇ ದಾಟಿದ್ದರು,
ಇಬ್ಬರು ಬೈದರು ಕೂಡ.
ಹತ್ತನೆಯದು ಪಿರಿಯಾಪಟ್ಟಣ, ಎತ್ತಲಿಲ್ಲ.
ಹನ್ನೊಂದನೆಯವಳು ಕೆ.ಎಂ. ದೊಡ್ಡಿಯ ಹೊಸ ಡಾಕ್ಟರು,
ಎಳೆ ದನಿ.
‘ತಿಂಡಿ ಆಯ್ತಾ ತಾಯಿ’ ಅಂತ ಶುರುಮಾಡಿ
ಚುಕ್ಕಿಯ ಮಾತಿಗೆ ಬರುವಷ್ಟರಲ್ಲಿ
ಆ ಕಡೆ ಮೌಸು ಕಿಟಕ್ ಅಂದಿತು,
ಆಮೇಲೆ ಬರೀ ಉಸಿರು,
ಆಮೇಲೆ ‘ಒಂದ್ನಿಮಿಷ ಸಾರ್,
ಅವರಿನ್ನೂ ಗೇಟ್ ಹತ್ರಾನೇ ಇರಬೇಕು.’

ಫೋನು ಮೇಜಿಗೆ ಬಿದ್ದ ಸದ್ದು. ಚಪ್ಪಲಿ ಓಡಿದ ಸದ್ದು.
ಕಿವಿಗೆ ಹಿಡಿದುಕೊಂಡೇ ಎಣಿಸಿದೆ,
ಹದಿನೈದು, ಹದಿನಾರು,
ಹದಿನೇಳು